ಶೇಂಗಾ ಹಿಟ್ಟಿನ ಡಾ. ಸುಬ್ರಹ್ಮಣ್ಯನ್



ಶೇಂಗಾ ಒಡೆದು ತಿನ್ನುತ್ತ ಕೂತಾಗ ನಡುವೆ ಒಂದು ಕಾಳು ಕಹಿ ಹತ್ತುವುದುಂಟು. ನೀವು ಥೂ ಎಂದು ಉಗುಳಿ ಮುಂದಿನ ಕಾಯಿಗೆ ಕೈ ಹಾಕುತ್ತೀರಿ. ಆದರೆ ಅದೇ ಕಾಳು ಗಾಣಕ್ಕೆ ಹೋಗಿ ಹಿಂಡಿಯಾಗಿ ಬಂದರೆ ಎಮ್ಮೆಗೆ ಆರಿಸಿ ಉಗುಳಲು ಬಾರದು. ಹಿಟ್ಟಾಗಿ ಗಂಜಿಯಲ್ಲಿ ಬೆರೆತರೆ ಮಗುವಿಗೂ ತಿಳಿಯದು. ಈ ವಾರ ಹೇಳಹೊರಟಿರುವುದು ಶೇಂಗಾ ಹಿಂಡಿಯನ್ನು ಮಕ್ಕಳ ಆಹಾರವನ್ನಾಗಿ ಮಾಡಿದ ಒಬ್ಬ ದೊಡ್ಡ ವಿಜ್ಞಾನಿಯ ಬದುಕನ್ನು, ಜೊತೆಗೆ ಆ ಹಿಂಡಿಯೊಳಗೆ ಅಡಗಿದ್ದ ವಿಷದ ಕಥೆಯನ್ನು. ಮರಿಯಮ್ಮನಹಳ್ಳಿ ಸುತ್ತಿನ ಮಸಾರಿ ಹೊಲಗಳಲ್ಲಿ ಶೇಂಗಾ ಹಾಕಿದ ಅನುಭವ ಉಳ್ಳ ನಿಮಗೆ ಇದು ದೂರದ ಸಂಗತಿಯೆನಿಸಲಾರದು.

ಅವರ ಹೆಸರು ಡಾ. ವಿ. ಸುಬ್ರಹ್ಮಣ್ಯನ್. ಮೈಸೂರಿನ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದ, ಅಂದರೆ ಎಲ್ಲರೂ ಸಿ.ಎಫ್.ಟಿ.ಆರ್.ಐ. ಎಂದು ಕರೆಯುವ ಸಂಸ್ಥೆಯ ಮೊದಲ ನಿರ್ದೇಶಕರು. 1902ರಲ್ಲಿ ಹುಟ್ಟಿದ ಇವರು ಮೊದಲು ಆಹಾರದ ಕಡೆಗೆ ಬಂದವರಲ್ಲ, ಮಣ್ಣಿನ ಕಡೆಯಿಂದ ಹೊರಟವರು. 1920ರ ದಶಕದಲ್ಲಿ ಇಂಗ್ಲೆಂಡಿನ ಹೆಸರಾಂತ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕುಳಿತು ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಏನು ನಡೆಯುತ್ತದೆ ಎಂದು ನೋಡಿದರು. 1927ರಿಂದ ಪ್ರಕಟವಾದ ಅವರ ಬರಹಗಳು ತೋರಿಸಿದ್ದು ಇಷ್ಟು: ನೀರು ನಿಂತು ಗಾಳಿ ತಪ್ಪಿದ ಮಣ್ಣಿನಲ್ಲಿ ಸಾರಜನಕವು ಅಮೋನಿಯಾ ರೂಪದಲ್ಲಿ ಕೂಡಿಕೊಳ್ಳುತ್ತದೆ, ನೈಟ್ರೇಟ್ ರೂಪದ್ದು ಉಳಿಯುವುದಿಲ್ಲ. ಕಂಪ್ಲಿ ಕಡೆಯ ಕಾಲುವೆ ಗದ್ದೆಯಲ್ಲಿ ಭತ್ತಕ್ಕೆ ಯಾವ ಗೊಬ್ಬರ ಹಿಡಿಯುತ್ತದೆ, ಯಾವುದು ನೀರಿನ ಪಾಲಾಗುತ್ತದೆ ಎಂಬುದರ ಮೂಲ ಇದರಲ್ಲಿದೆ. ಇಂಗ್ಲೆಂಡಿನ ಚಳಿಯಲ್ಲಿ ಕುಳಿತು ಭತ್ತದ ಗದ್ದೆಯ ಕೆಸರನ್ನು ಪರೀಕ್ಷಿಸುತ್ತಿದ್ದ ಈ ತರುಣನನ್ನು ನೆನೆದರೆ ನಗುವೂ ಬರುತ್ತದೆ, ಗೌರವವೂ ಮೂಡುತ್ತದೆ.

ತಾಯ್ನಾಡಿಗೆ ಮರಳಿದ ಮೇಲೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜೀವರಸಾಯನ ವಿಭಾಗದ ಪ್ರಾಧ್ಯಾಪಕರಾದರು. 1943ರಲ್ಲಿ ಬಂಗಾಳದಲ್ಲಿ ಬರ ಬಂತು. ಲಕ್ಷಗಟ್ಟಲೆ ಜನ ಅನ್ನವಿಲ್ಲದೆ ಸತ್ತರು. ಹಾಲಿಲ್ಲದ ಮಕ್ಕಳಿಗೆ ಕಾಳಿನಿಂದಲೇ ಹಾಲು ತೆಗೆಯಬಹುದೇ ಎಂದು ಆ ದಶಕದಲ್ಲಿ ಅವರು ಸಹೋದ್ಯೋಗಿಗಳೊಡನೆ ಸೋಯಾ ಅವರೆಯ ಮೇಲೆ ಕೆಲಸ ಮಾಡಿದರು. ಮಣ್ಣಿನ ವಿಜ್ಞಾನಿ ಅನ್ನದ ವಿಜ್ಞಾನಿಯಾದದ್ದು ಹೀಗೆ.

1950ರ ಅಕ್ಟೋಬರಿನಲ್ಲಿ ಮೈಸೂರಿನ ಚೆಲುವಾಂಬಾ ಅರಮನೆಯಲ್ಲಿ ಸಿ.ಎಫ್.ಟಿ.ಆರ್.ಐ. ತೆರೆಯಿತು. ರಾಜಮನೆತನದ ಆ ಕಟ್ಟಡದಲ್ಲಿ ಸುಬ್ರಹ್ಮಣ್ಯನ್ ಕೈ ಹಾಕಿದ್ದು ಬಡವರ ತಿನಿಸಿಗೆ. ಆಗ ಜಗತ್ತಿನಲ್ಲೇ ಹೆಚ್ಚು ಶೇಂಗಾ ಬೆಳೆಯುತ್ತಿದ್ದ ದೇಶ ನಮ್ಮದು. ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿ ದನದ ಬಾನಿಗೆ ಹೋಗುತ್ತಿತ್ತು, ಕಬ್ಬಿಗೆ ಗೊಬ್ಬರವಾಗುತ್ತಿತ್ತು, ಹಡಗು ಹತ್ತಿ ಪರದೇಶದ ದನಗಳ ಹೊಟ್ಟೆ ಸೇರುತ್ತಿತ್ತು. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಸಾರಜನಕ, ಮೈ ಬೆಳೆಸುವ ಸತ್ವ. ಇಷ್ಟು ಸತ್ವವನ್ನು ಹೊರಗೆ ಕಳಿಸಿ ನಮ್ಮ ಮಕ್ಕಳನ್ನು ಬರೀ ಗಂಜಿಯಲ್ಲಿ ಸಾಕುವುದು ಯಾವ ಲೆಕ್ಕ ಎಂಬುದು ಅವರನ್ನು ಕಾಡಿದ ಪ್ರಶ್ನೆ.

ಎದೆಹಾಲು ಬಿಟ್ಟ ಮಗುವಿಗೆ ಬರೀ ಗಂಜಿ ಸಿಕ್ಕಿದರೆ ಏನಾಗುತ್ತದೆಂದು ಹಿರಿಯರು ಕಂಡಿರಬಹುದು. ಕಾಲು ಬಾಯುತ್ತದೆ, ಮುಖ ಊದುತ್ತದೆ, ಕೂದಲು ಕೆಂಚಾಗುತ್ತದೆ, ಮಗು ಆಟ ಮರೆತು ಮೂಲೆಯಲ್ಲಿ ಕೂರುತ್ತದೆ. ವೈದ್ಯರು ಇದನ್ನು ಕ್ವಾಶಿಯೋರ್ಕರ್ ಎನ್ನುತ್ತಾರೆ. ಅಮೆರಿಕದಲ್ಲಿ ಸೋಯಾದಿಂದ ಮಾಡಿದ ವಿವಿಧೋದ್ದೇಶ ಆಹಾರವೆಂಬ ಪುಡಿ ಬಂದಿತ್ತು. ಮೈಸೂರಿನಲ್ಲಿ ಸುಬ್ರಹ್ಮಣ್ಯನ್, ಪೋಷಣ ವಿಜ್ಞಾನಿ ಡಾ. ಎಂ. ಸ್ವಾಮಿನಾಥನ್ ಮೊದಲಾದವರು ಅದಕ್ಕೆ ನಮ್ಮ ರೂಪ ಕೊಟ್ಟರು: ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು ಪಾಲು, ಹುರಿದ ಕಡಲೆ ಹಿಟ್ಟು ಕಾಲು ಪಾಲು, ಮೇಲೆ ಸುಣ್ಣದ ಅಂಶ ಹಾಗೂ ಜೀವಸತ್ವಗಳು. ಸಾರಿಗೂ ರೊಟ್ಟಿ ಹಿಟ್ಟಿಗೂ ಗಂಜಿಗೂ ಬೆರೆಸಬಹುದಿತ್ತು. ಊದಿದ ಮಕ್ಕಳು ಇಳಿದರು, ಮತ್ತೆ ಆಡಿದರು. 1960ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು.

ಅದೇ 1960ರಲ್ಲಿ ಇಂಗ್ಲೆಂಡಿನ ಸಾಕಣೆ ಕೇಂದ್ರಗಳಲ್ಲಿ ಟರ್ಕಿ ಕೋಳಿಗಳ ಮರಿಗಳು ಸಾಯತೊಡಗಿದವು. ಮೇವು ಬಿಟ್ಟು, ರೆಕ್ಕೆ ಇಳಿಬಿಟ್ಟು, ಕತ್ತು ಹಿಂದಕ್ಕೆ ಸೆಳೆದು ಬೀಳುತ್ತಿದ್ದವು. ಸತ್ತವು ಒಂದು ಲಕ್ಷಕ್ಕೂ ಹೆಚ್ಚು. ರೋಗಾಣು ಹುಡುಕಿದರೆ ಸಿಗಲಿಲ್ಲ. ಕೊನೆಗೆ ಎಲ್ಲ ಕಡೆಯೂ ಸಮಾನವಾಗಿದ್ದ ವಸ್ತು ಒಂದೇ ಎಂದು ಗೊತ್ತಾಯಿತು: ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿ. 1961ರಲ್ಲಿ ಆ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಸಿರು ಹಳದಿ ಬೂಷ್ಟು ಬೆಳೆದಿದ್ದುದು ಪತ್ತೆಯಾಯಿತು. ಅದು ಸ್ರವಿಸುವ ವಿಷಕ್ಕೆ ಬೂಷ್ಟಿನ ಹೆಸರಿನಿಂದಲೇ ಅಕ್ಷರ ಆಯ್ದು ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಬ್ರೆಜಿಲಿನ ಹಿಂಡಿಗೆ ಹಿಡಿದ ಬೂಷ್ಟು ಭಾರತದ ಹಿಂಡಿಗೆ ಹಿಡಿಯದೆ ಇರುತ್ತದೆಯೇ? ಈ ಪ್ರಶ್ನೆ ಮೈಸೂರಿಗೆ ಬಂದು ಮುಟ್ಟಲು ತಡವಾಗಲಿಲ್ಲ.

ಈ ವಿಷ ದೇಹದಲ್ಲಿ ಮಾಡುವ ಕೆಲಸವನ್ನು ಸ್ವಲ್ಪ ನಿಧಾನವಾಗಿ ತಿಳಿಯಬೇಕು. ಮರಿಯಮ್ಮನಹಳ್ಳಿ ನಾಟಕದ ಊರು. ರಂಗದ ಮೇಲೆ ವಿಷ ಕುಡಿದ ಪಾತ್ರಧಾರಿ ಒಂದು ಹಾಡು ಮುಗಿಸಿ ಬೀಳುವುದನ್ನು ನೀವು ಎಷ್ಟೋ ಸಲ ನೋಡಿದ್ದೀರಿ. ಇದು ಹಾಗೆ ಬೀಳಿಸುವ ವಿಷವಲ್ಲ, ತೀರ ಹೆಚ್ಚು ಹೊಟ್ಟೆಗೆ ಹೋದರೆ ಮಾತ್ರ ಬೇಗ ಕೊಲ್ಲುತ್ತದೆ. ಇದರ ಗುರಿ ಯಕೃತ್ತು, ನಾವು ಈಲಿ ಎನ್ನುವ ಅಂಗ. ತಿಂದದ್ದೆಲ್ಲ ಕರುಳಿನಿಂದ ರಕ್ತ ಸೇರಿ ಮೊದಲು ಅಲ್ಲಿಗೇ ಹೋಗಬೇಕು. ಪ್ರಯೋಗಶಾಲೆಯಲ್ಲಿ ಇದನ್ನು ತೋರಿಸಿಕೊಟ್ಟವು ಒಂದು ದಿನದ ಬಾತುಮರಿಗಳು. ಐವತ್ತು ಗ್ರಾಂ ತೂಕದ ಬಾತುಮರಿಗಳಿಗೆ ತಲಾ ಸುಮಾರು 18 ಮೈಕ್ರೋಗ್ರಾಂ ಕೊಟ್ಟರೆ ಅರ್ಧ ಮರಿಗಳು ಸಾಯುತ್ತವೆ. ಒಂದು ಗ್ರಾಮಿನಲ್ಲಿ ಹತ್ತು ಲಕ್ಷ ಮೈಕ್ರೋಗ್ರಾಂ ಎಂದರೆ ಎಷ್ಟು ಸಣ್ಣ ಪ್ರಮಾಣವೆಂದು ಊಹಿಸಿ. ಇನ್ನೂ ಕಡಿಮೆ ಕೊಟ್ಟು ಕೆಲವು ದಿನ ಬಿಟ್ಟು ಯಕೃತ್ತಿನ ತೆಳು ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಒಳ್ಳೆಯ ಕಣಗಳು ಸತ್ತು ಆ ಜಾಗದಲ್ಲಿ ಪಿತ್ತನಾಳದ ಕಣಗಳು ಕಳೆ ಹಬ್ಬಿದ ಹಾಗೆ ಹಬ್ಬಿರುತ್ತವೆ. ಹಿಂಡಿಯಲ್ಲಿ ವಿಷವಿದೆಯೇ ಎಂದು ತಿಳಿಯಲು ಬಾತುಮರಿಯ ಈಲಿಯೇ ಅಂದಿನ ತಕ್ಕಡಿಯಾಗಿತ್ತು.

ವಿಚಿತ್ರವೆಂದರೆ ಬೂಷ್ಟು ಕೊಟ್ಟ ರೂಪದಲ್ಲಿ ಈ ವಿಷ ಅಷ್ಟು ಕ್ರೂರವಲ್ಲ. ಹೊರಗಿನಿಂದ ಬಂದ ವಸ್ತುವನ್ನು ಕರಗಿಸಿ ಹೊರಹಾಕುವುದು ಯಕೃತ್ತಿನ ಕಣಗಳ ಕೆಲಸ. ಇದನ್ನೂ ಅವು ಹಾಗೆಯೇ ಮುರಿಯಲು ಹೋಗುತ್ತವೆ. ಮುರಿಯುವಾಗ ನಡುವೆ ಹುಟ್ಟುವ ಒಂದು ರೂಪ ಕಣದ ವಂಶತಂತುವಿಗೆ, ಡಿ.ಎನ್.ಎ.ಗೆ, ಮುಳ್ಳಿನಂತೆ ಚುಚ್ಚಿಕೊಳ್ಳುತ್ತದೆ. ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆರೆದ ಹಾಗೆ. ಅನೇಕ ಕಣಗಳು ಸಾಯುತ್ತವೆ. ಕೆಲವು ಸಾಯದೆ, ತಪ್ಪು ಬರಹವನ್ನು ಹೊತ್ತುಕೊಂಡೇ ಬೆಳೆಯುತ್ತವೆ. 1961ರಷ್ಟು ಹಿಂದೆಯೇ ವಿಷದ ಹಿಂಡಿ ತಿಂದ ಇಲಿಗಳಿಗೆ ಯಕೃತ್ತಿನ ಕ್ಯಾನ್ಸರ್ ಬಂದುದನ್ನು ಕಂಡಿದ್ದರು. 1987ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. 1991ರಲ್ಲಿ ಚೀನಾದ ಹಾಗೂ ದಕ್ಷಿಣ ಆಫ್ರಿಕಾದ ರೋಗಿಗಳ ಗಡ್ಡೆಗಳಲ್ಲಿ ಒಂದೇ ವಂಶವಾಹಿಯ ಒಂದೇ ಜಾಗ ಕೆಟ್ಟಿರುವುದು ಕಂಡುಬಂತು.

ಮೈಸೂರಿಗೆ ಮರಳೋಣ. 1963ರಲ್ಲಿ ಸುಬ್ರಹ್ಮಣ್ಯನ್ ಸಂಸ್ಥೆಯ ಹೊಣೆ ಬಿಟ್ಟರು, ಡಾ. ಎಚ್.ಎ.ಬಿ. ಪಾರ್ಪಿಯಾ ಆ ಸ್ಥಾನಕ್ಕೆ ಬಂದರು. 1966ರಲ್ಲಿ ಅಂದಿನ ಮೈಸೂರು ರಾಜ್ಯದಲ್ಲೇ ಎರಡು ಸಾವಿರಕ್ಕೂ ಹೆಚ್ಚು ಕೋಳಿಮರಿಗಳು ಇದೇ ವಿಷದಿಂದ ಸತ್ತವು. ಶೇಂಗಾ ಹಿಟ್ಟನ್ನು ಮಕ್ಕಳಿಗೆ ಕೊಡುವ ಕಾರ್ಯಕ್ರಮಗಳಿಗೆ ವಿಶ್ವಸಂಸ್ಥೆಯ ಸಲಹಾ ಮಂಡಳಿ ಆ ದಶಕದಲ್ಲೇ ಮಿತಿ ಹಾಕಿತು: ಕಿಲೋ ಹಿಟ್ಟಿನಲ್ಲಿ 30 ಮೈಕ್ರೋಗ್ರಾಂ ಮೀರಬಾರದು. ಸುಬ್ರಹ್ಮಣ್ಯನ್ ಕಟ್ಟಿದ ಸಂಸ್ಥೆಯ ವಿಜ್ಞಾನಿಗಳೇ ಅವರ ಹಿಟ್ಟನ್ನು ವಿಷದಿಂದ ಬಿಡಿಸುವ ಕೆಲಸಕ್ಕೆ ಇಳಿದರು. ಹೈಡ್ರೋಜನ್ ಪೆರಾಕ್ಸೈಡಿನಿಂದ ಹಿಂಡಿಯ ವಿಷ ಮುರಿಯುವ ವಿಧಾನವನ್ನು ವಿ. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು 1967ರಲ್ಲಿ ಪ್ರಕಟಿಸಿದರು. ಗಾಣದ ಎಣ್ಣೆಯನ್ನು ಗಾಜಿನ ಪಾತ್ರೆಯಲ್ಲಿ ಬಿಸಿಲಿಗಿಟ್ಟರೆ ಅದರ ವಿಷ ಬಹುಪಾಲು ನಾಶವಾಗುತ್ತದೆ ಎಂಬುದನ್ನು 1977ರಲ್ಲಿ ತೋರಿಸಿದರು. ಗಟ್ಟಿ ಹಿಂಡಿಯಲ್ಲಿ ಬಿಸಿಲಿನ ಆಟ ಅಷ್ಟು ನಡೆಯದು.

ಇಷ್ಟರಲ್ಲಿ ನೋವಿನ ಸಂಗತಿಯೊಂದು ನಡೆದುಹೋಗಿತ್ತು. ಮೈಸೂರಿನಲ್ಲಿ ಕ್ವಾಶಿಯೋರ್ಕರಿಗೆ ಚಿಕಿತ್ಸೆ ಪಡೆಯುತ್ತಿದ್ದ ಇಪ್ಪತ್ತು ಮಕ್ಕಳಿಗೆ ಕೊಟ್ಟ ಶೇಂಗಾ ಹಿಟ್ಟಿನಲ್ಲಿ, ಯಾರಿಗೂ ತಿಳಿಯದಂತೆ, ಕಿಲೋಗೆ ಸುಮಾರು 300 ಮೈಕ್ರೋಗ್ರಾಂ ವಿಷವಿತ್ತು, ಮಿತಿಯ ಹತ್ತರಷ್ಟು. ಮಕ್ಕಳ ಯಕೃತ್ತು ದೊಡ್ಡದಾಯಿತು. ಚೂರು ತೆಗೆದು ನೋಡಿದಾಗ ಮೆದುವಾಗಿರಬೇಕಾದ ಅಂಗದಲ್ಲಿ ನಾರು ಕಟ್ಟಿ ಗಟ್ಟಿಯಾಗುತ್ತಿರುವುದು ಕಂಡಿತು. ಡಾ. ಅಮಲಾ ಮತ್ತು ಸಂಗಡಿಗರು 1971ರಲ್ಲಿ ಇದನ್ನು ಮುಚ್ಚಿಡದೆ ವಿದೇಶಿ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬರೆದವರಲ್ಲಿ ಸಿ.ಎಫ್.ಟಿ.ಆರ್.ಐ.ನ ಶ್ರೀನಿವಾಸಮೂರ್ತಿ, ಪಾರ್ಪಿಯಾ ಅವರೂ ಇದ್ದರು. ಬಾತುಮರಿಯಲ್ಲಿ ಕಂಡದ್ದು ಮನುಷ್ಯರಿಗೆ ಅನ್ವಯಿಸುತ್ತದೋ ಇಲ್ಲವೋ ಎಂಬ ಸಂದೇಹಕ್ಕೆ ಆ ಪುಟ್ಟ ಮಕ್ಕಳು ತೆತ್ತ ಉತ್ತರ ಅದು.

ಹಾಗಾದರೆ ಸುಬ್ರಹ್ಮಣ್ಯನ್ ತಪ್ಪು ಮಾಡಿದರೇ? ನನಗೆ ಹಾಗೆನಿಸುವುದಿಲ್ಲ. ಅವರು ಹಿಟ್ಟು ರೂಪಿಸಿದಾಗ ಈ ವಿಷಕ್ಕೆ ಹೆಸರೇ ಇರಲಿಲ್ಲ. ಒಳ್ಳೆಯ ಶೇಂಗಾದ ಹಿಟ್ಟು ಎಷ್ಟೋ ಮಕ್ಕಳನ್ನು ಎತ್ತಿ ನಿಲ್ಲಿಸಿದ್ದೂ ಸುಳ್ಳಲ್ಲ. ಬೂಷ್ಟು ಪ್ರಯೋಗಶಾಲೆಯಲ್ಲಿ ಹುಟ್ಟಿದ್ದಲ್ಲ, ಹೊಲದಲ್ಲಿ, ಕಣದಲ್ಲಿ, ಗೋದಾಮಿನಲ್ಲಿ ಹುಟ್ಟಿದ್ದು.

ಆದ್ದರಿಂದ ಕಣದ ಮಾತನ್ನೂ ಆಡಿಬಿಡೋಣ. ಕಟಾವಿಗೆ ಮೂರು ನಾಲ್ಕು ವಾರ ಮುಂಚೆ ಮಳೆ ಕೈಕೊಟ್ಟು ಬಳ್ಳಿ ಬಾಡಿದರೆ, ಗೆದ್ದಲು ಕಾಯಿ ಕೊರೆದರೆ, ಬೂಷ್ಟು ನೆಲದೊಳಗೇ ಕಾಯಿ ಹೊಗುತ್ತದೆ. ಕಿತ್ತ ಬಳ್ಳಿಯನ್ನು ಹಸಿಯಾಗಿಯೇ ಬಣವೆ ಒಟ್ಟಿದರೆ ಒಳಗೆ ಕಾವು ಹುಟ್ಟಿ ಇನ್ನಷ್ಟು ಹಬ್ಬುತ್ತದೆ. ಕಾಯಿ ಅಲುಗಿಸಿದರೆ ಗಲಗಲ ಎನ್ನಬೇಕು, ಕಾಳನ್ನು ಬೆರಳಲ್ಲಿ ತಿಕ್ಕಿದರೆ ಸಿಪ್ಪೆ ಬಿಡಬೇಕು, ಅಲ್ಲಿಯವರೆಗೆ ಒಣಗಿಸಿ. ಕಾಳು ಒಡೆಯದೆ ಬರಲೆಂದು ಸುಲಿಯುವ ಮುನ್ನ ಕಾಯಿಗೆ ನೀರು ಚಿಮುಕಿಸುವ ರೂಢಿ ಹಲವೆಡೆ ಇದೆ. ತೂಕಕ್ಕೂ ಅನುಕೂಲ ಎಂದು ಕಣ್ಣು ಮಿಟುಕಿಸುವವರೂ ಇದ್ದಾರೆ. ಒಣಗಿಸಿ ಗಳಿಸಿದ್ದೆಲ್ಲ ಆ ಒಂದು ಕೊಡ ನೀರಿನಲ್ಲಿ ಹೋಗುತ್ತದೆ. ಸುಕ್ಕಿದ, ಬಣ್ಣಗೆಟ್ಟ ಕಾಳನ್ನು ಆರಿಸಿ ತೆಗೆದರೆ ವಿಷದ ಬಹುಭಾಗ ಅದರೊಡನೆ ಹೋಗುತ್ತದೆ, ಆದರೆ ಆರಿಸಿದ್ದನ್ನು ಮತ್ತೆ ಕೋಳಿಗೆ ಚೆಲ್ಲಿದರೆ ಏನು ಬಂತು? ಬೇಯಿಸಿದರೆ, ಹುರಿದರೆ ವಿಷ ಪೂರ್ತಿ ಹೋಗದು. ಬೂಷ್ಟು ಹಿಡಿದ ಹಿಂಡಿ ತಿಂದ ಎಮ್ಮೆಯ ಹಾಲಿನಲ್ಲಿ ಒಂದು ದಿನದೊಳಗೆ ವಿಷದ ಇನ್ನೊಂದು ರೂಪ ಕಾಣಿಸಿಕೊಳ್ಳುತ್ತದೆ. ಹಿಂಡಿ ನಿಲ್ಲಿಸಿದರೆ ನಾಲ್ಕಾರು ದಿನಗಳಲ್ಲಿ ಇಳಿಯುತ್ತದೆ. ನಮ್ಮ ದೇಶದ ಕಾನೂನು ಹಾಲಿಗೆ ಹಾಕಿರುವ ಮಿತಿ ಕಿಲೋಗೆ ಅರ್ಧ ಮೈಕ್ರೋಗ್ರಾಂ.

ಶೇಂಗಾ ಬಿಟ್ಟು ಮೆಕ್ಕೆಜೋಳಕ್ಕೆ ತಿರುಗಿದವರು ನಮಗೇನು ಎನ್ನಬೇಡಿ. 1974ರ ಕೊನೆಯಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ನೆನೆದ ಮೆಕ್ಕೆಜೋಳದ ರೊಟ್ಟಿ ತಿಂದು 397 ಜನ ಕಾಮಾಲೆಯಾಗಿ ಹೊಟ್ಟೆ ಊದಿ ಮಲಗಿದರು. 106 ಜನ ಸತ್ತರು. ಅವರ ಮನೆಯ ನಾಯಿಗಳೂ ಸತ್ತವು.

ಸುಬ್ರಹ್ಮಣ್ಯನ್ ನಿವೃತ್ತಿಯ ನಂತರ ಸುಮ್ಮನೆ ಕೂರಲಿಲ್ಲ. ತಮಿಳುನಾಡಿನ ತಿರುವಾರೂರಿನ ಭತ್ತ ಸಂಸ್ಕರಣ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದರು. ಕಾವೇರಿ ಬಯಲಿನಲ್ಲಿ ಕೊಯ್ಲಿನ ಹೊತ್ತಿಗೇ ಮಳೆ ಹೊಡೆಯುತ್ತದೆ. ಒಣಗಿಸಲು ಬಿಸಿಲಿಲ್ಲ, ಯಂತ್ರಕ್ಕೆ ಹಣವಿಲ್ಲ, ರಾಶಿಯಲ್ಲೇ ಭತ್ತ ಮೊಳೆತು ಬೂಷ್ಟು ಹಿಡಿಯುತ್ತದೆ. ಆ ಕೇಂದ್ರ ಕಂಡುಕೊಂಡ ಉಪಾಯ ಅಡುಗೆ ಮನೆಯದು: ಹಸಿ ಭತ್ತಕ್ಕೆ ಅಡುಗೆ ಉಪ್ಪು, ಹೊಟ್ಟು ಬೆರೆಸಿಡುವುದು. ಉಪ್ಪು ತೇವ ಎಳೆದುಕೊಳ್ಳುತ್ತದೆ, ಬಿಸಿಲು ಬರುವವರೆಗೆ ಮೊಳಕೆಯನ್ನೂ ಬೂಷ್ಟನ್ನೂ ತಡೆಯುತ್ತದೆ. ನೀರು ನಿಂತ ಗದ್ದೆಯ ಕೆಸರಿನಿಂದ ಆರಂಭಿಸಿದವರು ನೀರು ತಾಗಿದ ಭತ್ತದ ರಾಶಿಯ ಬಳಿಗೆ ಬಂದು ನಿಂತಿದ್ದರು. 1979ರಲ್ಲಿ ತೀರಿಕೊಂಡರು.