ಜಾರಿದವನಿಗೂ ದಾರಿ ತೋರಿದ ಪೂಜ್ಯಪಾದರು

ವರ್ಷಗಟ್ಟಲೆ ಸಾಮಾಯಿಕ ಮಾಡಿದ ಶ್ರಾವಕನಿಗೂ ಒಂದು ದಿನ ಹಳೆಯ ಕೋಪ ಮರಳಿ ಬರುತ್ತದೆ. ಕಳೆದುಹೋಯಿತೆಂದು ತಿಳಿದಿದ್ದ ಶೋಕ, ಕಣ್ಣು ಮುಚ್ಚಿ ಕುಳಿತ ಹೊತ್ತಿನಲ್ಲಿಯೇ ಉಕ್ಕಿ ಬರುತ್ತದೆ. ಆಗ ಏಳುವ ಪ್ರಶ್ನೆ ಸಣ್ಣದಲ್ಲ. ಇಷ್ಟು ಕಾಲ ಮಾಡಿದ ಜಪ, ಧ್ಯಾನ, ಸ್ವಾಧ್ಯಾಯಗಳೆಲ್ಲ ಬರಿಯ ತೋರಿಕೆಯೇ? ಉತ್ತರ ದೊರೆಯದೆ ಸಾಧನೆಯನ್ನೇ ಕೈಬಿಟ್ಟವರುಂಟು. ಸುಮಾರು 1500 ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿ ಬಾಳಿದ ಒಬ್ಬ ಮಹಾಮುನಿ ಈ ಪ್ರಶ್ನೆಯನ್ನು ಮುಚ್ಚಿಡದೆ ಎತ್ತಿಕೊಂಡರು. ಅದಕ್ಕೆ ಶಾಸ್ತ್ರದ ಉತ್ತರವನ್ನೂ ಅನುಷ್ಠಾನದ ಉತ್ತರವನ್ನೂ ಕೊಟ್ಟರು. ಅವರೇ ಆಚಾರ್ಯ ದೇವನಂದಿ. ಲೋಕದ ಬಾಯಲ್ಲಿ ಪೂಜ್ಯಪಾದರು.

ಶ್ರವಣಬೆಳಗೊಳದ ಶಾಸನಗಳು ಈ ಆಚಾರ್ಯರ ಮೂರು ಹೆಸರುಗಳ ಕಾರಣವನ್ನು ತಿಳಿಸುತ್ತವೆ. ಮೊದಲು ಬಂದದ್ದು ದೇವನಂದಿ ಎಂಬ ನಾಮ. ಬುದ್ಧಿಯ ಹಿರಿಮೆಯಿಂದ ಜಿನೇಂದ್ರಬುದ್ಧಿ ಎಂದಾದರು. ದೇವತೆಗಳು ಅವರ ಪಾದಗಳನ್ನು ಪೂಜಿಸಿದರೆಂಬ ನಂಬಿಕೆಯಿಂದ ಪೂಜ್ಯಪಾದರೆನಿಸಿದರು. ಅವರ ಕಾಲವನ್ನು ವಿದ್ವಾಂಸರು ಸಾಮಾನ್ಯವಾಗಿ ಕ್ರಿ.ಶ. 5-6ನೆಯ ಶತಮಾನಗಳೆಂದು ಹೇಳುತ್ತಾರೆ. ಅದು ಗಂಗರ ಆಳ್ವಿಕೆಯ ಕಾಲ. ಗಂಗರಸ ದುರ್ವಿನೀತನಿಗೆ ಅವರು ಗುರುಗಳಾಗಿದ್ದರೆಂದು ಪರಂಪರೆ ನೆನೆಯುತ್ತದೆ. ಕೋಲಾರ, ನಂದಿಬೆಟ್ಟ, ತಲಕಾಡುಗಳನ್ನು ಒಳಗೊಂಡ ಗಂಗವಾಡಿಯಲ್ಲಿಯೇ ಇಂದಿನ ಯಲಹಂಕ, ಹೆಬ್ಬಾಳಗಳ ನೆಲವೂ ಸೇರಿತ್ತು. ಹೆಬ್ಬಾಳದಲ್ಲಿ ದೊರೆತ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಗಂಗ ದೊರೆ ಶ್ರೀಪುರುಷನ ಆಳ್ವಿಕೆಗೆ ಸಾಕ್ಷಿಯಾಗಿ ಉಳಿದಿದೆ. ಪೂಜ್ಯಪಾದರ ನಾಡು ನಮಗೆ ದೂರದ್ದಲ್ಲ.

ಅವರ ಬಾಲ್ಯದ ಕಥೆಯನ್ನು ಕನ್ನಡದ ಪೂಜ್ಯಪಾದಚರಿತೆ ಐತಿಹ್ಯದ ರೂಪದಲ್ಲಿ ಕಾಪಾಡಿದೆ. ತಂದೆ ಮಾಧವಭಟ್ಟ, ತಾಯಿ ಶ್ರೀದೇವಿ. ವೈದಿಕ ಕುಲದ ಮಾಧವಭಟ್ಟನು ಹೆಂಡತಿಯ ಮಾತಿಗೆ ಒಪ್ಪಿ ಜಿನಧರ್ಮವನ್ನು ಸ್ವೀಕರಿಸಿದನು. ಮಗನು ಒಮ್ಮೆ ಹಾವಿನ ಬಾಯಲ್ಲಿ ಸಿಕ್ಕಿ ಒದ್ದಾಡುತ್ತಿದ್ದ ಕಪ್ಪೆಯನ್ನು ಕಂಡನು. ಆ ನೋಟದಿಂದಲೇ ಸಂಸಾರದ ಸ್ವರೂಪ ಅವನಿಗೆ ಹೊಳೆದು, ವೈರಾಗ್ಯ ಮೂಡಿ, ಮುನಿದೀಕ್ಷೆಯ ಕಡೆಗೆ ಮನಸ್ಸು ತಿರುಗಿತು. ಕಥೆ ಇಲ್ಲಿಗೆ ಮುಗಿದಿದ್ದರೆ, ಒಮ್ಮೆ ವೈರಾಗ್ಯ ಹುಟ್ಟಿದರೆ ಸಾಕು, ಮುಂದೆಲ್ಲ ಸುಗಮವೆಂದು ತಿಳಿಯಬಹುದಾಗಿತ್ತು. ಆದರೆ ಪೂಜ್ಯಪಾದರ ಬಾಳೂ ಬರಹವೂ ಬೇರೆಯ ಮಾತನ್ನೇ ಹೇಳುತ್ತವೆ.

ಜ್ಞಾನಾರ್ಣವದ ಕರ್ತೃ ಶುಭಚಂದ್ರಾಚಾರ್ಯರು ತಮ್ಮ ಗ್ರಂಥದ ಆರಂಭದಲ್ಲಿ ದೇವನಂದಿಗಳಿಗೆ ನಮಸ್ಕರಿಸುವಾಗ, ಕಾಯ, ವಾಕ್ಕು, ಚಿತ್ತ ಎಂಬ ಮೂರರ ಕಳಂಕವನ್ನೂ ತೊಳೆದವರೆಂದು ಅವರನ್ನು ಸ್ತುತಿಸಿದ್ದಾರೆ. ಈ ಸ್ತುತಿ ಬರಿಯ ಅಲಂಕಾರವಲ್ಲ. ಮಾತಿನ ದೋಷ ಕಳೆಯಲು ಅವರು ಜೈನೇಂದ್ರ ವ್ಯಾಕರಣವನ್ನು ರಚಿಸಿದರು. ಅನೇಕಾಂತವನ್ನೇ ಆಧಾರವಾಗಿಟ್ಟು ಆ ಶಾಸ್ತ್ರವನ್ನು ಆರಂಭಿಸಿದರು. ದೇಹದ ದೋಷ ಕಳೆಯಲು ವೈದ್ಯಗ್ರಂಥವನ್ನು ಬರೆದರು. ಕಣ್ಣು, ಕಿವಿ, ಮೂಗುಗಳ ರೋಗಗಳಿಗೆ ಸಂಬಂಧಿಸಿದ ಶಾಲಾಕ್ಯ ತಂತ್ರವನ್ನು ಹೇಳಿದವರು ಪೂಜ್ಯಪಾದರೆಂದು ಕಲ್ಯಾಣಕಾರಕದಲ್ಲಿ ಉಗ್ರಾದಿತ್ಯಾಚಾರ್ಯರು ಸ್ಮರಿಸಿದ್ದಾರೆ. ಚಿತ್ತದ ದೋಷ ಕಳೆಯಲು ಸಮಾಧಿತಂತ್ರವನ್ನೂ ಇಷ್ಟೋಪದೇಶವನ್ನೂ ಕೊಟ್ಟರು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರಕ್ಕೆ ಅವರು ಬರೆದ ಸರ್ವಾರ್ಥಸಿದ್ಧಿ, ದಿಗಂಬರ ಪರಂಪರೆಯಲ್ಲಿ ಇಂದು ದೊರೆಯುವ ಟೀಕೆಗಳಲ್ಲಿ ಎಲ್ಲಕ್ಕಿಂತ ಹಳೆಯದು.

ಕಣ್ಣಿನ ವೈದ್ಯವನ್ನು ಬಲ್ಲ ಇಂಥ ಆಚಾರ್ಯರಿಗೇ ಒಮ್ಮೆ ದೃಷ್ಟಿ ನಷ್ಟವಾಯಿತೆಂದು ಐತಿಹ್ಯ ಹೇಳುತ್ತದೆ. ತೀರ್ಥಯಾತ್ರೆಯ ನಡುವೆ ಕಣ್ಣು ಕಾಣದಾಯಿತು. ಶಾಸ್ತ್ರ ಓದುವ, ಜೀವಿಗಳನ್ನು ನೋಡಿ ನೋಡಿ ಹೆಜ್ಜೆಯಿಡುವ ಮುನಿಗೆ ಇದಕ್ಕಿಂತ ದೊಡ್ಡ ಹಿನ್ನಡೆ ಇನ್ನಾವುದು? ಈರ್ಯಾಸಮಿತಿಯೇ ನಡೆಯದಿದ್ದರೆ ಮುನಿಚರ್ಯೆಯೇ ಅಲುಗುತ್ತದೆ. ಆ ಹೊತ್ತಿನಲ್ಲಿ ಅವರು ಮೊರೆ ಹೊಕ್ಕದ್ದು 16ನೆಯ ತೀರ್ಥಂಕರರಾದ ಶಾಂತಿನಾಥರ ಸ್ತುತಿಯನ್ನು. ಶಾಂತ್ಯಷ್ಟಕವನ್ನು ರಚಿಸುತ್ತ ದೃಷ್ಟಿ ಪ್ರಸನ್ನವಾಗಲೆಂದು ಬೇಡಿದರು. ಕಣ್ಣು ತಿಳಿಯಾಯಿತು ಎನ್ನುತ್ತದೆ ಕಥೆ. ದೃಷ್ಟಿಯೆಂದರೆ ಕಣ್ಣೂ ಹೌದು, ಶ್ರದ್ಧಾನವೂ ಹೌದು. ವೀತರಾಗನಾದ ಜಿನನು ಯಾರಿಗೂ ವರ ಕೊಡುವವನಲ್ಲ. ಅವನ ಗುಣಸ್ಮರಣೆಯಿಂದ ಭಕ್ತನ ಭಾವ ತಾನೇ ಶುದ್ಧವಾಗುತ್ತದೆ. ಕತ್ತಲೆ ಕವಿದಾಗ ಆಚಾರ್ಯರು ಸಾಧನೆಯನ್ನು ನಿಲ್ಲಿಸಲಿಲ್ಲ, ಧ್ಯಾನ ಕೂಡದ ಹೊತ್ತಿಗೆ ಭಕ್ತಿಯನ್ನು ಊರುಗೋಲಾಗಿ ಹಿಡಿದರು. ಇದು ಈ ಐತಿಹ್ಯದ ತಿರುಳು.

ಮನಸ್ಸು ಏಕೆ ಮರಳಿ ಕದಡುತ್ತದೆ ಎಂಬುದಕ್ಕೆ ಸರ್ವಾರ್ಥಸಿದ್ಧಿಯಲ್ಲಿ ಅವರು ಮನೆಮಂದಿಗೂ ತಿಳಿಯುವ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಕೆಸರು ನೀರಿಗೆ ಕತಕವನ್ನು, ಅಂದರೆ ಚಿಲ್ಲದ ಬೀಜವನ್ನು ತೇಯ್ದು ಹಾಕಿದರೆ ಕೆಸರು ತಳಕ್ಕೆ ಇಳಿಯುತ್ತದೆ, ನೀರು ತಿಳಿಯಾಗುತ್ತದೆ. ಇದು ಉಪಶಮ. ಆ ತಿಳಿನೀರನ್ನು ಶುದ್ಧವಾದ ಬೇರೊಂದು ಪಾತ್ರೆಗೆ ಬಗ್ಗಿಸಿಕೊಂಡರೆ ಅಲ್ಲಿ ಕೆಸರಿನ ಸುಳಿವೇ ಇರುವುದಿಲ್ಲ. ಅದು ಕ್ಷಯ. ಕರ್ಮದ ವಿಷಯವೂ ಹೀಗೆಯೇ. ಅಡಗಿದ ಕಷಾಯ ಬೇರೆ, ಅಳಿದ ಕಷಾಯ ಬೇರೆ. ತಳದಲ್ಲಿ ಕೆಸರಿರುವ ಪಾತ್ರೆಯನ್ನು ಯಾರಾದರೂ ಅಲ್ಲಾಡಿಸಿದರೆ ನೀರು ಮತ್ತೆ ಕದಡುತ್ತದೆ. ಆದರೆ ಅದುವರೆಗೆ ಕಂಡ ತಿಳಿ ಸುಳ್ಳಾಗಿರಲಿಲ್ಲ. ಕದಡಿದ ನೀರನ್ನು ಕಂಡು ಪಾತ್ರೆಯನ್ನು ಒಡೆದುಹಾಕುವುದು ವಿವೇಕವಲ್ಲ. ಬೀಜವನ್ನು ಮತ್ತೆ ತೇಯಬೇಕು.

ಗುಣಸ್ಥಾನಗಳ ವಿಚಾರವೂ ಇದನ್ನೇ ಹೇಳುತ್ತದೆ. ಮೋಕ್ಷದ ಮೆಟ್ಟಿಲುಗಳು 14. ಕಷಾಯಗಳನ್ನು ಅಡಗಿಸುತ್ತ ಉಪಶಮಶ್ರೇಣಿಯನ್ನೇರಿದ ಮುನಿ 11ನೆಯದಾದ ಉಪಶಾಂತಮೋಹವನ್ನು ಮುಟ್ಟುತ್ತಾನೆ. ಅಲ್ಲಿ ಮೋಹದ ಒಂದು ಅಲೆಯೂ ಇಲ್ಲ. ಆದರೂ ಅಂತರ್ಮುಹೂರ್ತದೊಳಗೆ ಅವನು ಅಲ್ಲಿಂದ ಕೆಳಗಿಳಿಯಲೇಬೇಕು. ಅಷ್ಟು ಎತ್ತರದವನೂ ಇಳಿಯುತ್ತಾನೆ. ಶ್ರೇಣಿಯೇರದ ಮುನಿಗಳೂ 6ನೆಯ ಪ್ರಮತ್ತ, 7ನೆಯ ಅಪ್ರಮತ್ತ ಸ್ಥಾನಗಳ ನಡುವೆ ಮತ್ತೆ ಮತ್ತೆ ಓಡಾಡುತ್ತಲೇ ಇರುತ್ತಾರೆ. ಏಕಾಗ್ರತೆಗೂ ಕಾಲದ ಮಿತಿಯುಂಟು. ಉತ್ತಮ ಸಂಹನನವುಳ್ಳವನಿಗೂ ಒಂದೇ ವಿಷಯದಲ್ಲಿ ಧ್ಯಾನ ನಿಲ್ಲುವುದು ಅಂತರ್ಮುಹೂರ್ತ, ಅಂದರೆ 48 ನಿಮಿಷಗಳ ಒಳಗೆ ಮಾತ್ರ ಎಂದು ತತ್ತ್ವಾರ್ಥಸೂತ್ರ ಗೆರೆ ಎಳೆದಿದೆ. ಹೀಗಿರುವಾಗ ಕಚೇರಿ, ಅಂಗಡಿ, ಮನೆಗಳ ನಡುವೆ ಬಾಳುವ ಗೃಹಸ್ಥನ ಚಿತ್ತ ಜಾರಿದರೆ ಅದು ನಾಚಿಕೆಯ ಸಂಗತಿಯಲ್ಲ. ಒಮ್ಮೆ ಸಮ್ಯಕ್ತ್ವವನ್ನು ಮುಟ್ಟಿದ ಜೀವವು ಎಷ್ಟೇ ಜಾರಿದರೂ ಅದರ ಸಂಸಾರಕ್ಕೆ ಕೊನೆ ನಿಶ್ಚಿತವೆಂಬುದು ಜಿನಶಾಸನದ ಅಭಯ.

ಏಳುವ ಬಗೆಗೂ ಶಾಸ್ತ್ರದಲ್ಲಿ ಸ್ಥಾನವಿದೆ. ಚಾರಿತ್ರವು 5 ಬಗೆ. ಅವುಗಳಲ್ಲಿ ಎರಡನೆಯದು ಛೇದೋಪಸ್ಥಾಪನಾ. ಪ್ರಮಾದದಿಂದ ವ್ರತಕ್ಕೆ ಭಂಗ ಬಂದಾಗ ಅದನ್ನು ಸರಿಯಾಗಿ ತಿದ್ದಿಕೊಂಡು ತನ್ನನ್ನು ಮತ್ತೆ ವ್ರತದಲ್ಲಿ ನೆಲೆಗೊಳಿಸುವುದೇ ಛೇದೋಪಸ್ಥಾಪನೆಯೆಂದು ಪೂಜ್ಯಪಾದರು ವಿವರಿಸಿದ್ದಾರೆ. ತಿದ್ದಿಕೊಳ್ಳುವುದು ಚಾರಿತ್ರದ ಹೊರಗಿನ ಮಾತಲ್ಲ, ಅದೂ ಚಾರಿತ್ರವೇ. ಬಿದ್ದು ಎದ್ದವನನ್ನು ಜಿನಮಾರ್ಗ ಹೊರಗಿಡುವುದಿಲ್ಲ.

ಸಮಾಧಿತಂತ್ರದಲ್ಲಿ ಆಚಾರ್ಯರ ದನಿ ಇನ್ನೂ ಆಪ್ತವಾಗುತ್ತದೆ. ಬಹಿರಾತ್ಮ, ಅಂತರಾತ್ಮ, ಪರಮಾತ್ಮ ಎಂಬ ಮೂರು ನೆಲೆಗಳನ್ನು ಹೇಳಿ, ದೇಹವನ್ನೇ ತಾನೆಂದು ತಿಳಿಯುವ ಭ್ರಾಂತಿಯಿಂದ ಜೀವವನ್ನು ಬಿಡಿಸುವುದು ಆ ಗ್ರಂಥದ ಉದ್ದೇಶ. ಆದರೆ ನಡುವೆ ಅವರು ಒಂದು ಸತ್ಯವನ್ನು ನೇರವಾಗಿ ಒಪ್ಪುತ್ತಾರೆ. ಆತ್ಮತತ್ತ್ವವನ್ನು ಅರಿತವನೂ, ಅದು ದೇಹದಿಂದ ಬೇರೆಯೆಂದು ಭಾವಿಸುತ್ತಿರುವವನೂ ಹಿಂದಿನ ವಿಭ್ರಮದ ಸಂಸ್ಕಾರದಿಂದ ಮತ್ತೆ ಭ್ರಾಂತಿಗೆ ಬೀಳುವುದುಂಟು. ಅರಿವು ಹುಸಿಯಾಗಿದ್ದರಿಂದ ಅವನು ಬಿದ್ದದ್ದಲ್ಲ. ಸಂಸ್ಕಾರ ಹಳೆಯದಾಗಿದ್ದರಿಂದ ಬಿದ್ದದ್ದು. ಅವಿದ್ಯೆಯ ಅಭ್ಯಾಸ ಅನಾದಿಯದು, ಜ್ಞಾನದ ಅಭ್ಯಾಸ ನಿನ್ನೆಯದು. ಅವಿದ್ಯೆಯ ಸಂಸ್ಕಾರ ಮನಸ್ಸನ್ನು ಕೈಮೀರಿ ಎಳೆದೊಯ್ಯುವಂತೆಯೇ, ಜ್ಞಾನದ ಸಂಸ್ಕಾರ ಬಲಿತಾಗ ಅದೇ ಮನಸ್ಸು ತಾನಾಗಿಯೇ ತತ್ತ್ವದಲ್ಲಿ ನಿಲ್ಲುತ್ತದೆ ಎಂಬ ಭರವಸೆಯನ್ನೂ ಅವರು ಕೊಡುತ್ತಾರೆ.

ಬಿದ್ದ ಗಳಿಗೆಯಲ್ಲಿ ಮಾಡಬೇಕಾದುದೇನು? ರಾಗ ದ್ವೇಷಗಳು ಎದ್ದದ್ದು ತಿಳಿದ ಕ್ಷಣದಲ್ಲಿಯೇ, ಸ್ವಸ್ಥನಾದ ಆತ್ಮನನ್ನು ಭಾವಿಸಬೇಕು, ನಾಳೆಗೆ ತಳ್ಳಬಾರದು. ಕಣ್ಣಿಗೆ ಕಾಣುವ ದೇಹ ಅಚೇತನ, ಚೇತನವಾದದ್ದು ಕಣ್ಣಿಗೆ ಕಾಣದು. ಹಾಗಾದರೆ ಕೋಪ ಯಾರ ಮೇಲೆ, ಮೋಹ ಯಾರ ಮೇಲೆ ಎಂದು ವಿಚಾರಿಸಿ ಮಧ್ಯಸ್ಥನಾಗಬೇಕು. ಜನರ ಒಡನಾಟದಿಂದ ಮಾತು, ಮಾತಿನಿಂದ ಮನದ ಅಲುಗಾಟ, ಅದರಿಂದ ಚಿತ್ತದ ಗೊಂದಲ ಬೆಳೆಯುವುದನ್ನು ಕಂಡು ಮಾತನ್ನು ಮಿತಗೊಳಿಸಬೇಕು. ಸೋಹಂ ಭಾವನೆಯನ್ನು ಮತ್ತೆ ಮತ್ತೆ ಮಾಡಿ ಹೊಸ ಸಂಸ್ಕಾರವನ್ನು ಗಟ್ಟಿಗೊಳಿಸಬೇಕು. ಊರು ಬಿಟ್ಟು ಕಾಡಿಗೆ ಹೋದರೆ ಎಲ್ಲ ಸರಿಯಾದೀತೆಂಬ ಆಸೆಯನ್ನೂ ಆಚಾರ್ಯರು ಉಳಿಸುವುದಿಲ್ಲ. ಊರು, ಕಾಡು ಎಂಬ ನೆಲೆಗಳು ಆತ್ಮನನ್ನು ಕಾಣದವರಿಗೆ. ಕಂಡವರಿಗೆ ಆತ್ಮವೇ ನೆಲೆ.

ಜಾರಿದ ಮೇಲೆ ಬರುವ ಕೊರಗು ಜಾರಿದ್ದಕ್ಕಿಂತ ಹೆಚ್ಚು ಕೆಡಿಸಬಲ್ಲದು. ಪ್ರಿಯವಾದದ್ದು ಕೈತಪ್ಪಿತೆಂದು ಮತ್ತೆ ಮತ್ತೆ ಚಿಂತಿಸುವುದನ್ನು ಶಾಸ್ತ್ರ ಇಷ್ಟವಿಯೋಗದ ಆರ್ತಧ್ಯಾನವೆನ್ನುತ್ತದೆ. ಕೈತಪ್ಪಿದ್ದು ಮಗನಾಗಲಿ, ಹಣವಾಗಲಿ, ನಿನ್ನೆಯ ಧ್ಯಾನದಲ್ಲಿ ಕಂಡ ಶಾಂತಿಯೇ ಆಗಲಿ, ಕೊರಗಿನ ಸ್ವಭಾವ ಒಂದೇ. ಪ್ರತಿಕ್ರಮಣದಲ್ಲಿ ತಪ್ಪನ್ನು ಕಂಡು, ನಿಂದಿಸಿ, ಹಿಂತಿರುಗುವುದುಂಟು. ಅಲ್ಲಿಯೇ ಕುಳಿತು ಅಳುವುದಿಲ್ಲ.

ಆರಂಭದಲ್ಲಿ ಯೋಗಿಗೆ ಹೊರಗೆ ಸುಖ, ಒಳಗೆ ದುಃಖ ತೋರುತ್ತದೆ. ಭಾವನೆ ಬಲಿತವನಿಗೆ ಹೊರಗೆ ದುಃಖ, ಒಳಗೆ ಸುಖ ಎಂದು ಪೂಜ್ಯಪಾದರು ಗುರುತಿಸಿದ್ದಾರೆ. ಸುಖದಲ್ಲಿಯೇ ಬೆಳೆದ ಅರಿವು ದುಃಖ ಬಂದಾಗ ಕರಗಿಹೋಗುತ್ತದೆ. ಆದ್ದರಿಂದ ಮುನಿಯು ತನ್ನ ಬಲಕ್ಕೆ ತಕ್ಕಷ್ಟು ಕಷ್ಟದ ನಡುವೆಯೇ ಆತ್ಮಭಾವನೆ ಮಾಡಬೇಕೆಂಬುದು ಅವರ ಕಟ್ಟಳೆ. ಬಲಕ್ಕೆ ತಕ್ಕಷ್ಟು ಎಂಬ ಮಾತು ಇಲ್ಲಿ ಮುಖ್ಯ. ಮೈಮುರಿಯುವ ಹಟವನ್ನು ಅವರು ಕೇಳಲಿಲ್ಲ.

ಅವರ ನಂತರದ ಚರಿತ್ರೆಯೂ ಏರಿಳಿತಗಳದ್ದೇ. ಅವರ ಶಿಷ್ಯ ವಜ್ರನಂದಿ ಮಧುರೆಯಲ್ಲಿ ದ್ರಾವಿಡ ಸಂಘವನ್ನು ಸ್ಥಾಪಿಸಿ ಬೇರೆ ದಾರಿ ಹಿಡಿದನೆಂದು ದೇವಸೇನಾಚಾರ್ಯರ ದರ್ಶನಸಾರ ಆಕ್ಷೇಪಿಸುತ್ತದೆ. ಆದರೂ ಗುರುವಿನ ಬೆಳಕು ಕುಂದಲಿಲ್ಲ. ಆದಿಪುರಾಣದಲ್ಲಿ ಜಿನಸೇನಾಚಾರ್ಯರು ಅವರನ್ನು ಸ್ಮರಿಸಿದರು. ಸಮಾಧಿತಂತ್ರಕ್ಕೆ ಪ್ರಭಾಚಂದ್ರರೂ ಇಷ್ಟೋಪದೇಶಕ್ಕೆ 13ನೆಯ ಶತಮಾನದ ಪಂಡಿತ ಆಶಾಧರರೂ ಟೀಕೆ ಬರೆದರು. ಇಷ್ಟೋಪದೇಶದ 51 ಶ್ಲೋಕಗಳು ಇಂದಿಗೂ ಚಾತುರ್ಮಾಸದ ಸ್ವಾಧ್ಯಾಯಗಳಲ್ಲಿ ಓದಲ್ಪಡುತ್ತವೆ.

ಗಂಗರ ಕೋಟೆಗಳು ಮಣ್ಣಾದವು, ವೀರಗಲ್ಲುಗಳು ಸವೆದವು. ಆ ನೆಲದ ಮುನಿಯೊಬ್ಬರು ಹೇಳಿದ ಉಪಾಯ ಮಾತ್ರ ಸವೆಯದೆ ಉಳಿದಿದೆ. ಇಂದು ಸಂಜೆಯ ಸಾಮಾಯಿಕದಲ್ಲಿ ಮನಸ್ಸು ಕದಡಿದರೆ ಶ್ರಾವಕನು ಏಳದಿರಲಿ. ಕೆಸರು ಎಲ್ಲಿಂದ ಎದ್ದಿತೆಂದು ನೋಡಲಿ, ಪಂಚನಮಸ್ಕಾರವನ್ನು ಸ್ಮರಿಸಲಿ, ಉಳಿದ ಗಳಿಗೆಯನ್ನು ಅಲ್ಲಿಯೇ ಪೂರೈಸಲಿ.