ರಬ್ಬರ್ ಚೀಲದಿಂದ ಉಸಿರು ನೀಡಿದ ಇಬ್ಸೆನ್

1952ರ ಆಗಸ್ಟ್. ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್‌ನ ಬ್ಲೆಗ್‌ಡಾಮ್ ಆಸ್ಪತ್ರೆ ಪೋಲಿಯೊ ಪೀಡಿತರಿಂದ ತುಂಬಿತ್ತು. ಅಲ್ಲಿದ್ದ 'ಕಬ್ಬಿಣದ ಶ್ವಾಸಕೋಶ' ಒಂದೇ. ದೇಹವನ್ನು ಒಳಗಿರಿಸಿ, ಸುತ್ತಲಿನ ಒತ್ತಡ ತಗ್ಗಿಸಿ ಎದೆ ಹಿಗ್ಗಿಸುವ ಆ ಪೆಟ್ಟಿಗೆಯೂ ಗಂಟಲಿನ ಸ್ನಾಯು ಸೋತವರಿಗೆ ಸಾಲುತ್ತಿರಲಿಲ್ಲ. ಲಾಲಾರಸವೇ ಶ್ವಾಸನಾಳಕ್ಕೆ ಇಳಿಯುತ್ತಿತ್ತು. ರಕ್ತದಲ್ಲಿ ಕ್ಷಾರ ಹೆಚ್ಚಿದೆಯೆಂದು ವೈದ್ಯರು ಭಾವಿಸಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ (ಜನನ 1915) ಒಪ್ಪಲಿಲ್ಲ. ಹೊರಹೋಗದೆ ಉಳಿದ ಇಂಗಾಲದ ಡೈಆಕ್ಸೈಡೇ ರೋಗಿಗಳನ್ನು ಕೊಲ್ಲುತ್ತಿದೆ ಎಂಬುದು ಅವರ ವಾದ. ಆಗಸ್ಟ್ 27ರಂದು 12 ವರ್ಷದ ಬಾಲಕಿಯ ಕುತ್ತಿಗೆಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಅಳವಡಿಸಿ, ರಬ್ಬರ್ ಚೀಲ ಹಿಚುಕಿ ಶ್ವಾಸಕೋಶಕ್ಕೆ ನೇರವಾಗಿ ಆಮ್ಲಜನಕ ತುಂಬಿದರು. ಬಾಲಕಿ ಬದುಕಿದಳು. ಯಂತ್ರಗಳೆಲ್ಲಿದ್ದವು? ಸುಮಾರು 1,500 ವಿದ್ಯಾರ್ಥಿಗಳು ಪಾಳಿಯಲ್ಲಿ ಹಗಲಿರುಳು ಚೀಲ ಹಿಚುಕಿದರು. ಉಸಿರಾಟ ಸೋತವರಲ್ಲಿ ಶೇ 87ರಷ್ಟಿದ್ದ ಸಾವು ಅರ್ಧಕ್ಕಿಂತಲೂ ಕೆಳಗಿಳಿಯಿತು. ಇಂದಿನ ವೆಂಟಿಲೇಟರ್‌ಗಳು ಬಹುತೇಕ ಗಾಳಿಯನ್ನು ಒಳದೂಡುವ ಇದೇ ವಿಧಾನದವು. 1953ರಲ್ಲಿ ಅದೇ ನಗರದಲ್ಲಿ ತೀವ್ರ ನಿಗಾ ಘಟಕ ತೆರೆದ ಇಬ್ಸೆನ್, 2007ರಲ್ಲಿ ನಿಧನರಾದರು.