ಸರ್ ಎಂ. ವಿಶ್ವೇಶ್ವರಯ್ಯನವರು ಮತ್ತು ನೀರಿನ ಸರದಿ

ನಮ್ಮ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾವು ಮೊದಲು ಹಿಂಜರಿದೆವು. ಎಸ್.ಎಸ್.ಎಲ್.ಸಿ. ಮುಗಿಸಿ ಬೇಸಾಯಕ್ಕೆ ಇಳಿದವರು ನಾವು, ಬರವಣಿಗೆ ನಮ್ಮ ಕಸುಬಲ್ಲ. ಆದರೆ ಸಂಘದ ಕಚೇರಿಯಲ್ಲಿ ಲೆಕ್ಕದ ಪುಸ್ತಕ ಇಡುವ ಬೀರುವಿನ ಮೇಲ್ಗಡೆ ಮೈಸೂರು ಪೇಟ ಧರಿಸಿದ ಸರ್ ಎಂ.ವಿ.ಯವರ ಫೋಟೋ ಇದೆಯಲ್ಲ, ಪ್ರತಿ ಸಭೆಯಲ್ಲೂ ಅದು ಕಣ್ಣಿಗೆ ಬೀಳುತ್ತದೆ. ಅವರ ವಿಚಾರವನ್ನೇ ಬರೆಯೋಣ ಅನ್ನಿಸಿತು. ಕನ್ನಂಬಾಡಿ ಕಟ್ಟೆ ಕಟ್ಟಿಸಿದವರು ಅಂತ ನಮ್ಮೂರಿನ ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಅದಕ್ಕೂ ಮೊದಲು, ನೀರು ಹಂಚುವ ವಿಚಾರದಲ್ಲಿ ಅವರು ಮಾಡಿದ ಕೆಲಸ ನಮ್ಮಂಥ ನಾಲೆಯ ಕೊನೇ ಭಾಗದ ರೈತರಿಗೆ ಇನ್ನೂ ಹತ್ತಿರದ್ದು. ತಿಳಿದಷ್ಟು ಹೇಳುತ್ತೇವೆ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ, ಸೆಪ್ಟೆಂಬರ್ 15ರಂದು. ಆ ದಿನವನ್ನೇ ದೇಶದಲ್ಲೆಲ್ಲ ಎಂಜಿನಿಯರುಗಳ ದಿನ ಅಂತ ಆಚರಿಸುತ್ತಾರೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಮಗ ಇನ್ನೂ ಹುಡುಗನಾಗಿದ್ದಾಗಲೇ ತೀರಿಕೊಂಡರು. ಮುಂದೆ ಬೆಂಗಳೂರಿಗೆ ಬಂದು, ಮನೆಪಾಠ ಹೇಳಿಕೊಂಡು ಓದಿ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪಾಸು ಮಾಡಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿ, 1883ರ ಪರೀಕ್ಷೆಯಲ್ಲಿ ಮೊದಲನೆಯವರಾಗಿ ತೇರ್ಗಡೆಯಾದರು. ಮಾರನೇ ವರ್ಷ ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಆದರು. ಬಡತನ ಕಂಡು ಬಂದವರಾದ್ದರಿಂದಲೋ ಏನೋ, ಜನರ ಕೈಲಾಗುವಷ್ಟರಲ್ಲೇ ಕೆಲಸ ಆಗಬೇಕು ಎಂಬುದು ಅವರ ಕೆಲಸದಲ್ಲೆಲ್ಲ ಕಾಣುತ್ತದೆ.

ಸಿಂಧ್ ಪ್ರಾಂತದ ಸುಕ್ಕೂರಿನ ಕೆಲಸ ನೋಡಿ. ಸಿಂಧೂ ನದಿ ದಡದ ಆ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸಲು 1894ರಲ್ಲಿ ಇವರನ್ನು ಕಳಿಸಿದರು. ನದಿ ನೀರು ಕೆಂಪು ಬಗ್ಗಡ. ಅದನ್ನು ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಪುರಸಭೆಯಲ್ಲಿ ದುಡ್ಡಿಲ್ಲ. ಇವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನೊಳಗಿಂದ ಜಿನುಗಿ ಬರುವ ನೀರು ತಾನಾಗೇ ಸೋಸಿಕೊಂಡು ತಿಳಿಯಾಯಿತು. ನಾವು ಬೇಸಗೆಯಲ್ಲಿ ಹೊಳೆ ಮರಳಲ್ಲಿ ಗುಂಡಿ ತೋಡಿ ನೀರು ತುಂಬಿಕೊಳ್ಳುವುದಿಲ್ಲವೇ, ಅದೇ ಉಪಾಯ. ಹಳ್ಳಿ ಹೆಂಗಸರಿಗೆ ಗೊತ್ತಿದ್ದ ವಿದ್ಯೆ ಒಂದು ಪಟ್ಟಣದ ಬಾಯಾರಿಕೆ ನೀಗಿಸಿತು.

ಮುಂದೆ ಪುಣೆಗೆ ನೀರು ಕೊಡುವ ಖಡಕ್‌ವಾಸ್ಲಾ ಕೆರೆಯ ಸಮಸ್ಯೆ ಬಂತು. ಮಳೆಗಾಲದಲ್ಲಿ ಕೋಡಿ ಮೇಲೆ ಹರಿದು ನೀರೆಲ್ಲ ಪೋಲು, ಬೇಸಗೆಯಲ್ಲಿ ಕೊರತೆ. ಇವರು ಕೋಡಿಯ ಮೇಲೆ ತಾವೇ ಯೋಚಿಸಿ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಕೂರಿಸಿದರು. ಕಟ್ಟೆ ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. ನೀರು ಗೊತ್ತಾದ ಮಟ್ಟ ಮುಟ್ಟಿದರೆ ಗೇಟು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ನಡುರಾತ್ರಿ ಬಿರುಮಳೆಯಲ್ಲಿ ಯಾರೂ ಲಾಟೀನು ಹಿಡಿದು ಓಡಬೇಕಾಗಿಲ್ಲ. ಕಾವಲಿನವನು ನಿದ್ದೆ ಹೋದರೆ ಕೆಳಗಿನ ಊರು ಕೊಚ್ಚಿಹೋದೀತೆಂಬ ಭಯವೂ ಇಲ್ಲ. ಮನುಷ್ಯ ಅಂದಮೇಲೆ ದಣಿಯುತ್ತಾನೆ, ಮರೆಯುತ್ತಾನೆ. ಅದನ್ನು ಲೆಕ್ಕಕ್ಕೆ ಹಿಡಿದು ಮಾಡಿದ ಯಂತ್ರ ಅದು.

ಈಗ ಮುಖ್ಯ ವಿಚಾರಕ್ಕೆ ಬರುತ್ತೇವೆ. ಪುಣೆ ಜಿಲ್ಲೆಯಲ್ಲಿ ನೀರಾ ನಾಲೆ ಅಂತ ಇದೆ, ಬಾರಾಮತಿ ಕಡೆಯ ಬರಗಾಲದ ಸೀಮೆಗೆ ನೀರು ಕೊಡುವುದು. ನಾಲೆ ಬಂದರೂ ಬವಣೆ ತಪ್ಪಲಿಲ್ಲ. ಪ್ರತಿ ಬೆಳೆಗೂ ರೈತ ನೀರಿಗೆ ಅರ್ಜಿ ಹಾಕಬೇಕು, ಅಧಿಕಾರಿ ಮಂಜೂರು ಮಾಡಬೇಕು. ಅಲ್ಲೊಂದು ತುಂಡು ಇಲ್ಲೊಂದು ತುಂಡು ನೀರಾವರಿ. ಕೈ ನಡೆಯುವವರು ನಾಲೆಯ ತಲೆಭಾಗದಲ್ಲಿ ಕಬ್ಬು ಹಾಕಿ ಬೇಕಾದ್ದಕ್ಕಿಂತ ಹೆಚ್ಚು ನೀರು ಹಾಯಿಸುವರು. ಅವರ ಭೂಮಿ ಜೌಗು ಹಿಡಿದು ಸೊಳ್ಳೆ, ಚಳಿಜ್ವರ ಹೆಚ್ಚಿತು. ಕೆಳಗಿನ ಊರಿನವರು ಮುಗಿಲು ನೋಡುತ್ತಾ ಕೂತರು. ಇಲ್ಲಿ ಕಲ್ಲು, ಗಾರೆ, ಲೆಕ್ಕಾಚಾರ ಯಾವುದರಲ್ಲೂ ದೋಷವಿರಲಿಲ್ಲ. ನೀರು ಯಾರಿಗೆ, ಎಷ್ಟು, ಯಾವಾಗ ಎಂಬುದನ್ನು ಯಾರೂ ಗಟ್ಟಿಯಾಗಿ ಯೋಚಿಸಿರಲಿಲ್ಲ ಅಷ್ಟೇ.

1899ರ ಹೊತ್ತಿಗೆ ವಿಶ್ವೇಶ್ವರಯ್ಯನವರು ಅದಕ್ಕೊಂದು ಪದ್ಧತಿ ಮಾಡಿದರು. ಬ್ಲಾಕ್ ಪದ್ಧತಿ ಅಂತ ಅದರ ಹೆಸರು. ಪ್ರತಿ ಊರಿನಲ್ಲೂ ಒಳ್ಳೆಯ ಭೂಮಿ ಆರಿಸಿ ಒಟ್ಟಾದ ಒಂದು ಬ್ಲಾಕ್ ಮಾಡುವುದು. ಅದರಲ್ಲಿ ಮೂರನೇ ಒಂದು ಪಾಲಿಗೆ ಮಾತ್ರ ಕಬ್ಬು, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ. ವರ್ಷ ತಿರುಗಿದಂತೆ ಬೆಳೆ ಜಾಗ ಬದಲಿಸುವುದು. ನೀರನ್ನು ಸರದಿ ಪ್ರಕಾರ ಅಳತೆ ಮಾಡಿ ಬಿಡುವುದು. ಹಲವು ವರ್ಷಕ್ಕೆ ಒಟ್ಟಿಗೇ ಮಂಜೂರಾತಿ ಕೊಡುವುದು, ಹಾಗಾಗಿ ರೈತ ಮುಂದಿನ ವರ್ಷ ನೀರು ಬರುತ್ತೋ ಇಲ್ಲವೋ ಅಂತ ಕಚೇರಿಗೆ ಅಲೆಯಬೇಕಾಗಿಲ್ಲ. ಅದೇ ನೀರು ಹೆಚ್ಚು ಊರುಗಳಿಗೆ ಸಿಗುವಂತಾಯಿತು. ಬೆಳೆ ತಿರುಗುವುದರಿಂದ ಭೂಮಿಗೂ ಉಸಿರು.

ಇದಕ್ಕೆ ವಿರೋಧ ಬರದೇ ಇರಲಿಲ್ಲ. ತಲೆಭಾಗದಲ್ಲಿ ಯಥೇಚ್ಛ ನೀರು ಬಿಟ್ಟುಕೊಂಡಿದ್ದವರಿಗೆ ಇದು ಹಿಡಿಸಲಿಲ್ಲ. ಪುಣೆಯ ಪತ್ರಿಕೆಗಳೂ ಟೀಕೆ ಮಾಡಿದವು. ಇವರು ಅಧಿಕಾರದ ದರ್ಪ ತೋರಿಸದೆ, ಪದ್ಧತಿ ಏನು, ಅದರಿಂದ ಯಾರಿಗೆ ಏನು ಲಾಭ ಅಂತ ವಿವರವಾಗಿ ಬರೆದು ಪ್ರಕಟಿಸಿದರು. ಮೆಲ್ಲಗೆ ವಿರೋಧ ತಣ್ಣಗಾಯಿತು. 1901ರಲ್ಲಿ ನೇಮಕವಾದ ನೀರಾವರಿ ಆಯೋಗದ ಗಮನಕ್ಕೂ ಆ ಪದ್ಧತಿ ಬಂತು.

1908ರಲ್ಲಿ ಬೊಂಬಾಯಿ ಸರ್ಕಾರದ ಕೆಲಸ ಬಿಟ್ಟ ಮೇಲೆ, ಮೂಸಿ ನದಿ ಪ್ರವಾಹದಿಂದ ಹಾಳಾಗಿದ್ದ ಹೈದರಾಬಾದಿಗೆ ಮೇಲ್ಭಾಗದಲ್ಲಿ ಜಲಾಶಯ ಕಟ್ಟುವ ಯೋಜನೆ ಮಾಡಿಕೊಟ್ಟರು. 1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದರು. 1912ರಿಂದ 1918ರವರೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾಗಿದ್ದರು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯನ್ನು ನಮ್ಮಲ್ಲೇ ಸಿಗುವ ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಿಂದ ಕಟ್ಟಿದರು. ಸ್ವಯಂಚಾಲಿತ ಗೇಟುಗಳು ಅಲ್ಲಿಗೂ ಬಂದವು. ಶಿವನಸಮುದ್ರದ ವಿದ್ಯುತ್ತಿಗೂ ಮಂಡ್ಯ ಸೀಮೆಯ ಹೊಲಗಳಿಗೂ ಅದೇ ನೀರು. ಇರ್ವಿನ್ ನಾಲೆ ಎಂದಿದ್ದದ್ದು ಈಗ ವಿಶ್ವೇಶ್ವರಯ್ಯ ನಾಲೆ. ಅದರ ಅಚ್ಚುಕಟ್ಟಿಗೂ ಬ್ಲಾಕ್ ಪದ್ಧತಿ ತಂದರು. ಕಟ್ಟೆಗಾಗಿ ಹಳೇ ಕನ್ನಂಬಾಡಿ ಮುಳುಗಿತು. ಮನೆ ಮಠ ಬಿಟ್ಟು ಹೋದ ಆ ಜನರನ್ನು ನೀರುಂಡವರು ನಾವು ಮರೆಯಬಾರದು. 1955ರಲ್ಲಿ ಭಾರತರತ್ನ ಪಡೆದು, ನೂರು ವರ್ಷದ ಬಾಳು ಬಾಳಿ, 1962ರಲ್ಲಿ ಸರ್ ಎಂ.ವಿ.ಯವರು ತೀರಿಕೊಂಡರು.

ಇನ್ನು ನಮ್ಮ ಮಾತು. ಪದ್ಧತಿ ಎಷ್ಟು ಚೆನ್ನಾಗಿದ್ದರೂ ಅದನ್ನು ನಡೆಸುವವರು ನಾವೇ ತಾನೆ. ಮೇಲಿನವರು ಕಬ್ಬು, ಭತ್ತ ಅಂತ ಹೋದರು, ಕೊನೇ ಭಾಗದ ನಮ್ಮ ಗದ್ದೆ ಒಣಗಿತು ಅಂತ ನಾವು ದೂರುತ್ತೇವೆ. ಆದರೆ ನೀರುಗಂಟಿ ಅತ್ತ ಹೋದಾಗ ರಾತ್ರಿ ತೂಬು ಕಿತ್ತವರಲ್ಲಿ ನಮ್ಮೂರಿನವರೂ ಇದ್ದರು. ಒಂದು ಸಲ ನಾವೂ ಇದ್ದೆವು ಅಂತ ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ನಮ್ಮ ಕೆಳಗೂ ಇನ್ನೊಬ್ಬರ ಗದ್ದೆ ಇತ್ತು ಅನ್ನುವುದು ಆ ರಾತ್ರಿ ನೆನಪಾಗಲಿಲ್ಲ.

ಸಂಘದ ಪವರ್ ಟಿಲ್ಲರ್ ಬಂದ ವರ್ಷವೂ ಹಾಗೇ ಆಯಿತು. ಮೊದಲು ಬಂದು ಹೇಳಿದವರಿಗೆ ಮೊದಲು ಅಂತ ಮಾಡಿದೆವು. ಕಚೇರಿ ಹತ್ತಿರ ಮನೆ ಇರುವವರು, ರಸ್ತೆ ಪಕ್ಕ ಗದ್ದೆ ಇರುವವರು, ನಿರ್ದೇಶಕರಾದ ನಾವು, ನಮ್ಮದೆಲ್ಲ ಬೇಗ ಮುಗಿಯಿತು. ಹಳ್ಳದಾಚೆ ಹತ್ತು ಗುಂಟೆ, ಇಪ್ಪತ್ತು ಗುಂಟೆ ಇರುವವರಿಗೆ, ಒಂಟಿ ಹೆಣ್ಣುಮಕ್ಕಳಿಗೆ ಟಿಲ್ಲರ್ ಸಿಗುವ ಹೊತ್ತಿಗೆ ಒಟ್ಟಲಲ್ಲಿ ಪೈರು ಬಲಿತುಹೋಗಿತ್ತು. ಅವರೂ ನಮ್ಮಷ್ಟೇ ಷೇರು ಹಣ ಕಟ್ಟಿದವರು. ಮಾರನೇ ವರ್ಷ ಬಯಲನ್ನು ನಾಲ್ಕು ಭಾಗ ಮಾಡಿ, ಸರದಿ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆವು. ಹಳ್ಳದಾಚೆಯಿಂದ ಶುರು. ಯಂತ್ರ ಅದೇ, ಡ್ರೈವರ್ ಅವನೇ. ಗಲಾಟೆ ಮಾತ್ರ ನಿಂತಿತು.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ಒಂದು ವಿನಂತಿ. ಟಿಲ್ಲರಿಗೆ ಮಾಡಿದ ಸರದಿಯನ್ನು ನೀರಿಗೂ ಮಾಡಿಕೊಳ್ಳೋಣ. ಮುಂದಿನ ಮಹಾಸಭೆಯಲ್ಲಿ ಈ ವಿಷಯ ನಾವೇ ಮಂಡಿಸುತ್ತೇವೆ, ಸರದಿಯಲ್ಲಿ ನಮ್ಮ ಗದ್ದೆಯ ಹೆಸರು ಕೊನೆಗೆ ಬರೆಯಿರಿ. ಸಂಘಕ್ಕೆ ಇನ್ನು ಯಾವ ಯಂತ್ರ ತಂದರೂ ಬೆಲೆ ಕೇಳುವ ಮೊದಲು, ಹಳ್ಳದಾಚೆಯ ಹತ್ತು ಗುಂಟೆಯವರಿಗೆ ಅದು ಹೇಗೆ ತಲುಪುತ್ತದೆ ಅಂತ ಕೇಳೋಣ. ಗೋಡೆ ಮೇಲಿನ ಫೋಟೋಕ್ಕೆ ವರ್ಷಕ್ಕೊಂದು ಹಾರ ಹಾಕುವುದಕ್ಕಿಂತ ಅದು ದೊಡ್ಡ ಮರ್ಯಾದೆ. ಬರೆದದ್ದರಲ್ಲಿ ತಪ್ಪಿದ್ದರೆ ಹಿರಿಯರು ಮನ್ನಿಸಬೇಕು.